ಆಯಿ ಬರೋಬರ ಸೊನ್ನೆ

ಆ ದಿನ ಕರಿಹಲಗೆಯ ಮೇಲೆ ನಾನು ಬರೆದದ್ದು ಒಟ್ಟು ಐದು ಸಾಲು. ಐದೂ ನನಗೆ ನೆನಪಿವೆ. ಮೊದಲ ನಾಲ್ಕರಲ್ಲಿ ಗಣಿತದ ತಪ್ಪು ಒಂದೂ ಇರಲಿಲ್ಲ. ಐದನೆಯದರಲ್ಲೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ದಿನ ನಾನು ಈ ಮಾತಿನ ಹಿಂದೆಯೇ ಅಡಗಿ ಕುಳಿತಿದ್ದೆ.

ನಾನು ಮಹಾರಾಷ್ಟ್ರದ ಗಡಿಯೊಳಗಿನ ಉಮರ್ಗಾದ ಒಂದು ಮರಾಠಿ ಶಾಲೆಯಲ್ಲಿ ಹತ್ತನೆಯ ತರಗತಿಗೆ ಬೀಜಗಣಿತ ಕಲಿಸುತ್ತೇನೆ. ಹುಟ್ಟಿದ್ದು ನಿಲಂಗಾ ತಾಲೂಕಿನಲ್ಲಿ, ಕನ್ನಡ ಮಾತಾಡುವ ಮನೆಯಲ್ಲಿ. ಕಾಲೇಜು ಓದಿದ್ದು ಉದಗೀರದಲ್ಲಿ. ಉದಗೀರದ ವಸತಿಗೃಹದಲ್ಲಿ ಮರಾಠಿಯ ಒಂದು ಲೆಕ್ಕದ ವಾಕ್ಯವನ್ನು ಎರಡು ಸಲ ಓದಿ, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಅದನ್ನು ತುಟಿಯಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದೆ. ಲೆಕ್ಕ ಬರುತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ಕೋಣೆಯ ಉಳಿದವರಿಗೆ ಅದು ನಗುವ ವಿಷಯವಾಗಿತ್ತು. ಆದ್ದರಿಂದ ಮಾಸ್ತರನಾದ ಮೇಲೆ ನನ್ನ ತರಗತಿಯಲ್ಲಿ ಕನ್ನಡದ ಮಕ್ಕಳು ಗೋಡೆಯ ಕಡೆ ತಿರುಗಬೇಕಾಗಬಾರದು ಎಂದು ನಿಶ್ಚಯಿಸಿದ್ದೆ. ಪುಸ್ತಕದ ವಾಕ್ಯವನ್ನು ಮರಾಠಿಯಲ್ಲಿ ಓದಿ, ಕೂಡಲೇ ಅದನ್ನೇ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಈ ಭಾಗದಲ್ಲಿ ಹಾಗೆ ಮಾಡುವ ಗಣಿತದ ಮಾಸ್ತರರು ಕಡಿಮೆ. ಅದು ನನ್ನ ಹೆಮ್ಮೆಯಾಗಿತ್ತು.

ಆಷಾಢದ ಕೊನೆಯ ವಾರ. ಕೆಲಸ ಮತ್ತು ದಿನಗಳ ಲೆಕ್ಕ ನಡೆದಿತ್ತು. ಒಬ್ಬನು ಒಂದು ಕೆಲಸವನ್ನು ಇಷ್ಟು ದಿನದಲ್ಲಿ, ಇನ್ನೊಬ್ಬನು ಅಷ್ಟು ದಿನದಲ್ಲಿ ಮಾಡಿದರೆ ಇಬ್ಬರು ಕೂಡಿ ಎಷ್ಟು ದಿನದಲ್ಲಿ ಮುಗಿಸುತ್ತಾರೆ ಎಂಬಂಥವು. ಪುಸ್ತಕದಲ್ಲಿ ಅದಕ್ಕೆ ‘ದೋಘೇ ಮಿಳೂನ’ ಎಂಬ ಎರಡು ಪದಗಳಿವೆ.

“ದೋಘೇ ಮಿಳೂನ ಅಂದ್ರ ಇಬ್ಬರೂ ಸಂಗಟ” ಎಂದು ಹೇಳಿದೆ.

ಸಂಗಟ ಎಂದರೆ ನಮ್ಮ ಕಡೆ ಜೊತೆಗೆ. ನಾನು ‘ಕೂಡಿ’ ಎನ್ನಬಹುದಿತ್ತು. ಆ ಪದದ ಒಳಗೇ ಕೂಡುವುದು ಇದೆ, ಸಂಗಟದ ಒಳಗೆ ಇಲ್ಲ. ಆದರೆ ಸಂಗಟ ಎಂಬುದು ಹೆಚ್ಚು ಮನೆಯ ಪದದಂತೆ ಕೇಳಿಸಿತು. ಮಕ್ಕಳ ಮುಖ ಅರಳಿದ್ದನ್ನು ನೋಡಿ ಅದನ್ನೇ ಉಳಿಸಿಕೊಂಡೆ.

ಮರುದಿನಕ್ಕೆ ಮನೆಗೆಲಸ ಕೊಟ್ಟೆ. ಪುಸ್ತಕದ ಲೆಕ್ಕ ಬೇಡ, ನಿಮ್ಮ ಮನೆಯಲ್ಲಿ ಇಬ್ಬರು ಮಾಡುವ ಒಂದು ಕೆಲಸದ ಲೆಕ್ಕ ತನ್ನಿರಿ ಎಂದೆ. ಇಬ್ಬರೂ ಸಂಗಟ ಮಾಡಿದರೆ ಎಷ್ಟು ಹೊತ್ತು, ಒಬ್ಬರೇ ಮಾಡಿದರೆ ಎಷ್ಟು ಹೊತ್ತು ಎಂದು ಕೇಳಿಕೊಂಡು ಬರಬೇಕು.

ಮರುದಿನ ಮೊದಲು ಎದ್ದವನು ಹತ್ತಿರದ ಹಳ್ಳಿ ತುರೋರಿಯ ಹುಡುಗ. ಹೈವೇ ಮೇಲೆ ಅವರ ಪಂಕ್ಚರ್ ಅಂಗಡಿ ಇದೆ.

“ಲಾರಿ ಗಾಲಿ ಸರ್. ಅಪ್ಪ ಒಬ್ಬಾಂವ ಒಂದು ತಾಸು. ಕಾಕಾ ಒಬ್ಬಾಂವ ಎರಡು ತಾಸು.”

“ಇಬ್ಬರೂ ಸಂಗಟ ಮಾಡಿದ್ರ ನಲವತ್ತು ಮಿನಿಟು. ಹೌದೋ ಅಲ್ಲೋ?”

“ಅಲ್ರಿ ಸರ್. ಇಬ್ಬರೂ ಸಂಗಟ ಮಾಡಿದ್ರ ಮೂರು ತಾಸು. ಗಾಲಿ ಬಿಚ್ಚೋ ಪಾನಾ ಎಲ್ಲಿ ಇಟ್ಟಿ ಅಂತ ಜಗಳ ಆಡ್ತಾರ.”

ತರಗತಿ ನಕ್ಕಿತು, ನಾನೂ ನಕ್ಕೆ. “ಲೆಕ್ಕದಾಗ ಜಗಳ ಇರಂಗಿಲ್ಲಪ್ಪ. ಕುಂದರು” ಎಂದೆ. ಆ ಹುಡುಗ ಹೇಳಿದ್ದನ್ನು ಆಗಲೇ ಕೇಳಿಸಿಕೊಳ್ಳಬೇಕಿತ್ತು. ನಗೆಯ ಮಾತೆಂದು ಬಿಟ್ಟುಬಿಟ್ಟೆ.

ಆಮೇಲೆ ಕಿಟಕಿಯ ಕಡೆಯ ಮೂರನೆಯ ಸಾಲಿನಿಂದ ಒಬ್ಬ ಹುಡುಗಿಯನ್ನು ಎಬ್ಬಿಸಿದೆ. ಅವಳೂ ತುರೋರಿಯವಳು, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ಲಾರಿ ನಡೆಸುತ್ತಾನೆ, ವಾರಗಟ್ಟಲೆ ಊರಲ್ಲಿರುವುದಿಲ್ಲ. ಮನೆಯಲ್ಲಿ ತಾಯಿ, ಅಜ್ಜಿ, ಇವಳು. ನಿಧಾನವಾಗಿ ಉತ್ತರ ಹೇಳುವವಳು, ಆದರೆ ಹೇಳಿದ್ದು ತಪ್ಪುತ್ತಿರಲಿಲ್ಲ.

“ನಮ್ಮದು ಒಂದೆಕರೆ ಸೋಯಾಬೀನ್ ಅದ್ರಿ ಸರ್. ಕಸ ತೆಗೀಲಾಕ ಅವ್ವ ಹೋಗ್ತಾಳ. ಆಯಿ ಅವ್ವನ ಸಂಗಟ ಹೋಗ್ತಾಳ.”

“ಇಬ್ಬರೂ ಸಂಗಟ ಎಷ್ಟು ದಿನ?”

“ಎಂಟು ದಿನರಿ.”

ಮುಂದಿನ ಬೆಂಚಿನ ಮರಾಠಿ ಮಕ್ಕಳು ಮುಖ ಮುಖ ನೋಡಿಕೊಂಡರು. ಮರಾಠಿಯಲ್ಲಿ ಆಈ ಎಂದರೆ ತಾಯಿ. ಅವ್ವನೂ ತಾಯಿ, ಆಯಿಯೂ ತಾಯಿಯಾದರೆ ಇಬ್ಬರು ತಾಯಂದಿರೇ ಎಂದು ಅವರ ಗೊಂದಲ. ನಾನು ತಡೆದು, ಕನ್ನಡದವರ ಮನೆಯಲ್ಲಿ ಆಯಿ ಎಂದರೆ ಅಜ್ಜಿ ಎಂದು ಬಿಡಿಸಿ ಹೇಳಿದೆ. ಒಂದು ಪದವನ್ನು ಇಷ್ಟು ಎಚ್ಚರದಿಂದ ಬಿಡಿಸಿದೆನೆಂದು ನನಗೆ ಸಂತೋಷವಾಯಿತು. ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಪದವನ್ನು ನಾನು ಮುಟ್ಟಿಯೂ ನೋಡಲಿಲ್ಲ.

“ಈಗ ಅವ್ವ ಒಬ್ಬಾಕಿನೇ ಹೋದ್ರ ಎಷ್ಟು ದಿನ?”

“ಒಬ್ಬಾಕಿ ಹೋಗಂಗಿಲ್ಲರಿ ಸರ್.”

“ಹೋದ್ರ ಅಂತ ತಿಳ್ಕೋ ಯವ್ವಾ.”

“ಹೋಗಂಗಿಲ್ಲರಿ.”

“ಹೊಲಕ್ಕ ಹೋಗೋದು ಬ್ಯಾಡ. ಲೆಕ್ಕದಾಗ ಹೋಗ್ತಾಳ ತಗೋ. ಎಷ್ಟು ದಿನ?”

“ಹೋಗಂಗಿಲ್ಲರಿ ಸರ್ ಆಕಿ” ಎಂದು ಮೂರನೆಯ ಸಲ ಹೇಳಿದಳು. ನಾನು ಸುಮ್ಮನೆ ಕಾದೆ. ಮಾಸ್ತರ ಸುಮ್ಮನೆ ಕಾಯುವುದೆಂದರೆ ಏನೆಂದು ಮಕ್ಕಳಿಗೆ ಗೊತ್ತು. ಕೊನೆಗೆ ಅವಳು ಕಿಟಕಿಯ ಕಡೆ ನೋಡಿ, ಲೆಕ್ಕ ಹಾಕಿ, “ಹಂಗಾದ್ರ ಎಂಟೇ ದಿನರಿ” ಎಂದಳು.

“ಅದು ಹ್ಯಾಂಗ? ಇಬ್ಬರು ಹೋದ್ರೂ ಎಂಟು, ಒಬ್ಬಾಕಿ ಹೋದ್ರೂ ಎಂಟು?”

“ಹ್ಞೂಂರಿ.”

“ಮತ್ತ ಆಯಿ ಏನು ಮಾಡ್ತಾಳ?”

ಅವಳು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಇದನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಲಾರೆ.

“ಕುಂದರ್ತಾಳ್ರಿ.”

ಹುಡುಗರ ಕಡೆಯಿಂದ ನಗು ಬಂತು. ಪಂಕ್ಚರ್ ಅಂಗಡಿಯ ಹುಡುಗ, “ಕಸ ತೆಗಿಯೋ ಖುರಪಿ ಹಿಡಕೊಂಡು ಕುಂದರ್ತಾಳೋ, ಬರೇ ಕೈಲೋ?” ಎಂದು ಕೇಳಿದ. ಅವಳು ಅವನ ಕಡೆ ತಿರುಗದೆ ನನಗೇ ಉತ್ತರ ಕೊಟ್ಟಳು: “ಬರೇ ಕೈಲೆರಿ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಉತ್ತರ ಸೊನ್ನೆ ಬರುವ ಲೆಕ್ಕ ಪುಸ್ತಕದಲ್ಲಿ ಇರುವುದಿಲ್ಲ. ಒಳ್ಳೆಯ ಉದಾಹರಣೆ ತಾನಾಗಿ ಕೈಗೆ ಬಂತೆಂದು ನನಗೆ ಉತ್ಸಾಹ ಬಂದಿತ್ತು. ಸೀಮೆಸುಣ್ಣ ತೆಗೆದುಕೊಂಡು, ಎಲ್ಲರೂ ಓದಲೆಂದು ನಾಗರಿ ಅಕ್ಷರದಲ್ಲಿ ಬರೆದೆ. ದಿನಕ್ಕೆ ಅವ್ವನ ಕೆಲಸ x, ಆಯಿಯ ಕೆಲಸ y. ಎರಡನೆಯ ಸಾಲು, x + y = 1/8. ಮೂರನೆಯದು, x = 1/8. ನಾಲ್ಕನೆಯದು, y = 1/8 − 1/8. ಐದನೆಯ ಸಾಲಿನಲ್ಲಿ y = 0 ಎಂದು ಬರೆದಿದ್ದರೆ ಸಾಕಾಗಿತ್ತು. ನಾನು ‘ಆಯಿ = 0’ ಎಂದು ಬರೆದೆ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಲೆಕ್ಕ ಮುಗಿದ ಮೇಲೆ ಉತ್ತರವನ್ನು ಎಲ್ಲರಿಂದ ಒಟ್ಟಿಗೆ ಹೇಳಿಸುವುದು ನನ್ನ ರೂಢಿ. ಮರಾಠಿ ಬೀಜಗಣಿತದಲ್ಲಿ ಅಕ್ಷರದ ಬೆಲೆಗೆ ಕಿಂಮತ ಎನ್ನುತ್ತಾರೆ, ನಮ್ಮ ಕಿಮ್ಮತ್ತು. ರೂಢಿಯ ಧ್ವನಿಯಲ್ಲೇ, “ಆಯೀಚೀ ಕಿಂಮತ ಕಿತೀ?” ಎಂದು ಕೇಳಿದೆ. ಆಯಿಯ ಕಿಮ್ಮತ್ತು ಎಷ್ಟು?

“ಶೂನ್ಯ!” ಎಂದು ತರಗತಿಯೆಲ್ಲ ಒಂದೇ ಧ್ವನಿಯಲ್ಲಿ ಕೂಗಿತು. ಆ ಹುಡುಗಿ ಕುಳಿತು ಪುಸ್ತಕ ಮುಚ್ಚಿದಳು. ಗಂಟೆ ಹೊಡೆಯಿತು. ಹಲಗೆ ಒರೆಸದೆ ಹೊರಟೆ. ಮುಂದಿನ ತಾಸು ಆಟದ್ದಾಗಿತ್ತು, ಅದರ ಮುಂದಿನದು ಚಿತ್ರಕಲೆ. ಆ ಐದು ಸಾಲು ಶಾಲೆ ಬಿಡುವವರೆಗೂ ಹಲಗೆಯ ಮೇಲೇ ಇದ್ದವು.

ಮುಂದಿನ ವಾರ ಅವಳು ಎರಡು ದಿನ ಬರಲಿಲ್ಲ. ಒಂದು ದಿನ ಬಂದಳು. ಆಮೇಲೆ ಸತತ ಒಂಬತ್ತು ದಿನ ಹಾಜರಿಯಲ್ಲಿ ಅವಳ ಮುಂದೆ ಗೈರು ಬಿತ್ತು. ಹತ್ತನೆಯ ತರಗತಿಯ ವರ್ಷ ಅದು. ಬೀಜಗಣಿತದಲ್ಲಿ ಒಂಬತ್ತು ದಿನ ತಪ್ಪಿದರೆ ಮುಂದಿನ ಪಾಠ ಹಿಂದಿನದನ್ನು ಹಿಡಿಯುವುದಿಲ್ಲ. ಅವಳು ಶಾಲೆಯನ್ನೇ ಬಿಟ್ಟುಬಿಡುತ್ತಾಳೆ ಎಂಬ ಹೆದರಿಕೆ ನನಗೆ ಹತ್ತಿದ್ದು ಆಗ. ಪಂಕ್ಚರ್ ಅಂಗಡಿಯ ಹುಡುಗನನ್ನು ಕೇಳಿದೆ.

“ಹೊಲಕ್ಕ ಹೋಗ್ತಾಳ್ರಿ ಸರ್.”

“ಕಸ ತೆಗೀಲಾಕ?”

“ಇಲ್ರಿ, ಕುಂದರಲಾಕ. ಆಯಿ ಹೋಗೋದು ಬಿಟ್ಟಾಳ. ಈಗ ಈಕಿನೇ ವಾಯ್ ಆಗ್ಯಾಳ.”

ತರಗತಿ ನಕ್ಕಿತು. ಅವನನ್ನು ನಾನು ಗದರಿಸಲಿಲ್ಲ. ಹಲಗೆಯ ಮೇಲಿನ ಆ y ನಾನೇ ಕಲಿಸಿದ್ದು. ಅವನು ಅದನ್ನು ಸರಿಯಾಗಿಯೇ ಬಳಸಿದ್ದ.

ಭಾನುವಾರ ಮೋಟಾರ್ ಸೈಕಲ್ ತೆಗೆದುಕೊಂಡು ತುರೋರಿಗೆ ಹೋದೆ. ಹೈವೇ ಅಂಗಡಿಗಳ ಹಿಂದಿನ ಓಣಿಯಲ್ಲಿ ಅವರ ಮನೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಿಂದ ಬರೆದಿದ್ದರು. ಅಕ್ಷರಗಳು ಮಳೆಗೆ ತೊಳೆದು ಹೋಗಿದ್ದವು. ಸೊನ್ನೆ ಮಾತ್ರ ಸೂರಿನ ಕೆಳಗೆ ಬಂದದ್ದರಿಂದ ಉಳಿದಿತ್ತು. ಕಟ್ಟೆಯ ಮೇಲೆ ಒಬ್ಬ ಮುದುಕಿ ಕುಳಿತು ತೊಡೆಯ ಮೇಲೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ.

“ಯಾರ್ರಿ?”

“ಸಾಲಿ ಮಾಸ್ತರ ಇದ್ದೀನಿ ಆಯಿ. ಗಣಿತ ಹೇಳ್ತೀನಿ.”

“ಹಾಂ, ಸೊನ್ನಿ ಮಾಸ್ತರ! ಬರ್ರಿ, ಕುಂದರ್ರಿ. ಕುಂದರೋದೇ ನಮ್ಮ ಮನಿ ಕೆಲಸ ಅದ.”

ನಾನು ಕಟ್ಟೆಯ ತುದಿಯಲ್ಲಿ ಕುಳಿತೆ.

“ಚಹಾ ಮಾಡೋರು ಹೊಲಕ್ಕ ಹೋಗ್ಯಾರ. ನಾ ಮಾಡ್ತಿದ್ದೆ. ಆದ್ರ ನಾ ಮಾಡಿದ್ದು ಲೆಕ್ಕಕ್ಕ ಬರಂಗಿಲ್ಲಂತ.”

“ಹುಡುಗಿ ಸಾಲಿಗೆ ಬರಬೇಕಾಗಿತ್ತು ಆಯಿ. ಹತ್ತನೇತ್ತಾ ಅದ.”

“ನಾನೂ ಅದೇ ಅಂತೀನಿ. ಅವಳವ್ವನ ಸಂಗಟ ಯಾರರೆ ಬೇಕಲ್ಲ.”

“ನೀವು ಯಾಕ ಬಿಟ್ಟ್ರಿ?”

ಉತ್ತರ ಗೊತ್ತಿದ್ದೂ ಕೇಳಿದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಹೊಲದ ದಾರ್ಯಾಗ ಹುಡುಗರು ನಿಂದರ್ತಾರ. ‘ಆಜೀ, ಎಲ್ಲಿ ಹೊಂಟಿ, ಕುಂದರಲಾಕ?’ ಅಂತಾರ. ಮೊದಲನೇ ದಿನ ಬೈದೆ. ಎರಡನೇ ದಿನ ಅಂದುಕೊಂಡೆ, ಸುಳ್ಳೇನು ಅಂದಾರ? ಖರೇನೇ ಕುಂದರ್ತೀನಿ. ಇಷ್ಟು ವರ್ಷ ಹೊಲಕ್ಕ ಹೋಗಿ ಬಂದು ಕೈಕಾಲು ತೊಳಕೊಂಡು, ನಾನೂ ದುಡದು ಬಂದೀನಿ ಅಂತ ರೊಟ್ಟಿ ತಿಂತಿದ್ದೆ. ನಾಚಿಗಿ ಆಯ್ತು ಮಾಸ್ತರ.”

ನಾಚಿಕೆ ಎಂಬ ಪದ ನನ್ನದಾಗಬೇಕಿತ್ತು, ಅವಳು ಬಳಸಿದಳು. “ಸಂಗಟ ಯಾರರೆ ಬೇಕಂದ್ರಿ. ಯಾಕ ಬೇಕು?” ಎಂದು ಕೇಳಿದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ಅದು ನಾ ಹೇಳಂಗಿಲ್ಲ. ಹೊಲಕ್ಕ ಹೋಗಿ ನೋಡ್ರಿ. ಲೆಕ್ಕದವರು ಇದ್ದೀರಿ, ನೋಡಿದ್ರ ತಿಳೀತದ.”

ಹೊಲ ಹೈವೇಯ ಆಚೆ, ಸಣ್ಣ ಸೇತುವೆ ದಾಟಿದ ಮೇಲೆ. ಸೋಯಾಬೀನಿನ ನಡುವೆ ಅಲ್ಲೊಂದು ಇಲ್ಲೊಂದು ತೊಗರಿಯ ಸಾಲು. ಒಂದು ಮೂಲೆಗೆ ಬಾವಿ, ಅದಕ್ಕೆ ಕಟ್ಟೆ ಇಲ್ಲ. ತಾಯಿ ಕುಕ್ಕುರುಗಾಲಲ್ಲಿ ಕುಳಿತು ಮಳೆಗೆ ಮತ್ತೆ ಎದ್ದ ಕಸವನ್ನು ಖುರಪಿಯಿಂದ ತೆಗೆಯುತ್ತಿದ್ದಳು. ಎಡ ಅಂಗೈಗೆ ಬಟ್ಟೆ ಸುತ್ತಿತ್ತು. ಹುಡುಗಿ ಬದುವಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ನನ್ನ ಪಾಠದ ಪುಸ್ತಕ, ಮುಚ್ಚಿದ್ದು. ನನ್ನನ್ನು ಕಂಡು ಎದ್ದು ನಿಂತಳು, ಆದರೆ ಕಣ್ಣು ತಾಯಿಯ ಮೇಲೆಯೇ ಇತ್ತು.

“ಪುಸ್ತಕ ತಂದೀದಿ. ಓದಬಾರದೇನು ಯವ್ವಾ?”

“ಪುಸ್ತಕ ನೋಡಿದ್ರ ಅವ್ವ ಕಾಣಂಗಿಲ್ಲರಿ.”

ನಾನು ಅವಳ ಪಕ್ಕ ಬದುವಿನ ಮೇಲೆ ಕುಳಿತೆ. ಅವಳೂ ಕುಳಿತು, ಧ್ವನಿ ತಗ್ಗಿಸಿ ಹೇಳಿದಳು.

“ಅವ್ವಗ ಫಿಟ್ ಬರ್ತಾವ್ರಿ ಸರ್. ಯಾರಿಗೂ ಹೇಳಬ್ಯಾಡ್ರಿ. ಗೊತ್ತಾದ್ರ ಮಂದಿ ಅವ್ವನ ಕೈಲೆ ನೀರು ಕುಡಿಯಂಗಿಲ್ಲ.”

ಮೂರ್ಛೆ ಬಿಸಿಲಿಗೆ ಹೆಚ್ಚು. ಬೀಳುವ ಮುಂಚೆ ಅವ್ವನಿಗೇ ತಿಳಿಯುವುದಿಲ್ಲ. ಆಯಿ ಬದುವಿನ ಮೇಲೆ ಕುಳಿತು ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿರುತ್ತಾಳೆ. ಯಾರ ಮನೆಯ ಎಮ್ಮೆ ಈದಿತು, ಯಾರ ಸೊಸೆ ತವರಿಗೆ ಹೋದಳು, ತಾನು ಮದುವೆಯಾಗಿ ಬಂದಾಗ ಈ ರಸ್ತೆ ಎಷ್ಟಿತ್ತು. ಪ್ರತಿಯೊಂದು ಮಾತಿಗೂ ಅವ್ವ ಹ್ಞೂಂ ಎನ್ನಬೇಕು. ಅದು ಅತ್ತೆ ಸೊಸೆಯ ಕರಾರು.

“ಹ್ಞೂಂ ಬರ್ಲಿಲ್ಲಂದ್ರ ಆಯಿ ಎದ್ದು ಓಡ್ತಾಳ್ರಿ. ಅದಕ್ಕೇ ಖುರಪಿ ಹಿಡಿಯಂಗಿಲ್ಲ. ಖುರಪಿ ಹಿಡದು ಓಡಿ ಆಕಿ ಮ್ಯಾಲ ಬಿದ್ರ ಹ್ಯಾಂಗ? ನನಗ ಅಷ್ಟು ಮಾತು ಬರಂಗಿಲ್ಲರಿ. ಅದಕ್ಕ ನಾ ನೋಡ್ಕೋತ ಕುಂದರ್ತೀನಿ.”

ಆಯಿ ಬರುವುದನ್ನು ಬಿಟ್ಟ ಮರುದಿನ ಅವ್ವ ಒಬ್ಬಳೇ ಹೋಗಿದ್ದಳು. ಬಾವಿಯಿಂದ ನಾಲ್ಕು ಮಾರು ದೂರದಲ್ಲಿ ಬಿದ್ದಿದ್ದಳು. ಎಷ್ಟು ಹೊತ್ತು ಬಿದ್ದಿದ್ದಳೋ ಯಾರಿಗೂ ಗೊತ್ತಿಲ್ಲ. ಎದ್ದಾಗ ಖುರಪಿಯ ಮೊನೆ ಎಡ ಅಂಗೈಯಲ್ಲಿ ನಟ್ಟಿತ್ತು.

“ಸಾಲ್ಯಾಗ ನೀವು ಕೇಳಿದ್ರಿ” ಎಂದಳು ಹುಡುಗಿ. “ಇದೊಂದು ಬಿಟ್ಟು ಎಲ್ಲಾ ಖರೇನೇ ಹೇಳಿನ್ರಿ.”

ಹೌದು. ಮೂರು ಸಲ ಹೇಳಿದ್ದಳು, ಒಬ್ಬಾಕಿ ಹೋಗಂಗಿಲ್ಲ ಎಂದು. ಅದೇ ಉತ್ತರವಾಗಿತ್ತು. ಅವ್ವ ಒಬ್ಬಳೇ ಮಾಡುವ ಕೆಲಸ ಎಂಬುದು ಆ ಹೊಲದಲ್ಲಿ ಇರಲೇ ಇಲ್ಲ. ಇಲ್ಲದ್ದಕ್ಕೆ ನಾನು x ಎಂದು ಹೆಸರಿಟ್ಟು, ಅದನ್ನು ಇದ್ದದ್ದರಿಂದ ಕಳೆದಿದ್ದೆ. ಸಂಗಟ ಹೋಗುತ್ತಾಳೆ ಎಂದು ಅವಳು ಹೇಳಿದಾಗ, ಕೂಡಿ ಮಾಡುತ್ತಾಳೆ ಎಂದು ನಾನು ಕೇಳಿದ್ದೆ. ಆ ಪದವನ್ನು ತರಗತಿಗೆ ತಂದವನೂ ನಾನೇ. ಅಷ್ಟೇ ಅಲ್ಲ. ಮರಾಠಿಯಲ್ಲಿ ನಾವು = ಚಿಹ್ನೆಯನ್ನು ‘ಬರೋಬರ’ ಎಂದು ಓದುತ್ತೇವೆ. ಅದೇ ಬರೋಬರಕ್ಕೆ ಜೊತೆಗೆ ಎಂಬ ಅರ್ಥವೂ ಇದೆ. ಸಮ ಎಂದು ಮಾತ್ರ ಓದುವುದನ್ನು ವರ್ಷಗಟ್ಟಲೆ ಕಲಿಸಿದ್ದೆ.

ಮನಸ್ಸಿನಲ್ಲೇ ಲೆಕ್ಕವನ್ನು ತಿದ್ದಲು ನೋಡಿದೆ. ಕೂಡುವ ಚಿಹ್ನೆ ತೆಗೆದು ಗುಣಿಸುವ ಚಿಹ್ನೆ ಹಾಕಿದರೆ? ಆಗ ಆಯಿ ಇಲ್ಲದಿದ್ದರೆ ಎಲ್ಲವೂ ಸೊನ್ನೆಯಾಗುತ್ತದೆ, ಅದು ನಿಜಕ್ಕೆ ಹತ್ತಿರ. ಆದರೆ ಆಯಿಯ ಬದಲು ಮೊಮ್ಮಗಳು ಕುಳಿತರೆ ಎಷ್ಟು ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಅಲ್ಲಿಗೆ ಬಿಟ್ಟೆ. ಬದುವಿನ ಮೇಲೆ ಕುಳಿತು ಹೊಸ ಸೂತ್ರ ಹುಡುಕುತ್ತಿದ್ದೇನಲ್ಲ ಎಂದು ನನಗೇ ಹೇಸಿಗೆಯಾಯಿತು.

“ನೀ ಓದು. ಅವ್ವನ ಕಡೆ ನಾ ನೋಡ್ತೀನಿ” ಎಂದೆ.

ಅವಳು ಅನುಮಾನದಿಂದ ಪುಸ್ತಕ ತೆರೆದಳು. ನಾನು ಗಡಿಯಾರ ನೋಡಿಕೊಂಡು ಕುಳಿತೆ. ಕೂಗಿ ಮಾತಾಡಿಸಲು ಸಾಧ್ಯವಿರಲಿಲ್ಲ, ಹೊಲದಲ್ಲಿ ಪರಿಚಯವಿಲ್ಲದ ಹೆಣ್ಣುಮಗಳೊಂದಿಗೆ ಮಾಸ್ತರ ಏನು ಮಾತಾಡಬೇಕು? ಬರೀ ನೋಡಬೇಕು. ಹನ್ನೊಂದನೆಯ ನಿಮಿಷಕ್ಕೆ ಹೈವೇ ಮೇಲೆ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ನಾನು ತಿರುಗಿ ನೋಡಿದೆ. ಮತ್ತೆ ಇತ್ತ ತಿರುಗಿದಾಗ ತಾಯಿ ಇರಲಿಲ್ಲ.

ಎದ್ದು ನಿಂತೆ.  ನನ್ನ ಪಕ್ಕದಲ್ಲಿದ್ದ ಹುಡುಗಿ ಆಗಲೇ ಓಡಿದ್ದಳು. ಪುಸ್ತಕ ಬದುವಿನಿಂದ ಕೆಳಗೆ ಬಿದ್ದಿತ್ತು. ಏನೂ ಆಗಿರಲಿಲ್ಲ. ತಾಯಿ ತೊಗರಿ ಸಾಲಿನ ಆಚೆ ಹೊರಳಿ ಕುಳಿತಿದ್ದಳು, ಸೆರಗಿನ ತುದಿ ಕಾಣುತ್ತಿತ್ತು. ಹುಡುಗಿ ಉಸಿರು ಬಿಡುತ್ತ ವಾಪಸು ಬಂದು, ಪುಸ್ತಕವನ್ನು ಒರೆಸಿ, ಮುಚ್ಚಿ, ಮಡಿಲಲ್ಲಿಟ್ಟುಕೊಂಡಳು. ಮತ್ತೆ ತೆರೆಯಲಿಲ್ಲ. ನನ್ನ ಮೇಲೆ ಕೋಪ ಮಾಡಿಕೊಳ್ಳಲೂ ಇಲ್ಲ. “ಮೊದಲ ಮೊದಲ ನನಗೂ ಹಂಗೇ ಆಗ್ತಿತ್ತರಿ” ಎಂದಳು.

ಹನ್ನೊಂದು ನಿಮಿಷ. ಆಯಿ ದಿನಕ್ಕೆ ಎಂಟು ತಾಸು ಮಾಡುತ್ತಿದ್ದ ಕೆಲಸವನ್ನು ನಾನು ಹನ್ನೊಂದು ನಿಮಿಷ ಮಾಡಲಾರದೆ ಹೋದೆ.

ಮನೆಗೆ ವಾಪಸು ಬಂದು ಆಯಿಯ ಮುಂದೆ ಕೈ ಮುಗಿದೆ. ತಪ್ಪಾಯಿತು, ನಾಳೆಯಿಂದ ನೀವೇ ಹೋಗಿರಿ, ಹುಡುಗಿಯನ್ನು ಶಾಲೆಗೆ ಕಳಿಸಿರಿ ಎಂದೆ. ಅವಳು ಬತ್ತಿಗಳನ್ನು ಎಣಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

“ಸಾಲ್ಯಾಗ ಬರದದ್ದು ಮನ್ಯಾಗ ಬಂದು ಅಳಿಸಿದ್ರ ಹ್ಯಾಂಗ ಅಳೀತದ್ರಿ ಮಾಸ್ತರ? ಎಲ್ಲಿ ಬರದೀರಿ, ಅಲ್ಲೇ ಅಳಸ್ರಿ.”

“ಅಳಸ್ತೀನಿ ಆಯಿ.”

“ಅಳಸಾಗ ಸೊಸಿ ಮಾತು ಎತ್ತಿದ್ರ ಮಾತ್ರ ನೋಡ್ರಿ, ಉಮರ್ಗಾಕ್ಕ ಬಂದು ನಿಮ್ಮ ಬಾಗಲ ಮುಂದ ಕುಂದರ್ತೀನಿ. ಕುಂದರೋದು ನನಗ ಛಲೋ ಬರ್ತದ.”

ಸೋಮವಾರ ತರಗತಿಯಲ್ಲಿ ಅದೇ ಐದು ಸಾಲುಗಳನ್ನು ಮತ್ತೆ ಬರೆದೆ. ಐದನೆಯದನ್ನು ಬರೆಯುವಾಗ ಸೀಮೆಸುಣ್ಣ ಮುರಿಯಿತು, ಚೂರು ತೆಗೆದುಕೊಂಡು ಪೂರ್ತಿ ಮಾಡಿದೆ. ಆಮೇಲೆ, ಇದು ತಪ್ಪು, ತಪ್ಪು ನನ್ನದು, ಆ ಹುಡುಗಿಯದಲ್ಲ, ಅವಳ ಆಯಿಯದಂತೂ ಅಲ್ಲ ಎಂದು ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದೆ. ಪಂಕ್ಚರ್ ಅಂಗಡಿಯ ಹುಡುಗ ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದ.

“ಎಲ್ಲಿ ತಪ್ಪದ್ರಿ ಸರ್?”

“ಎರಡನೇ ಸಾಲಿನಾಗ. ಅಲ್ಲಿ ಕೂಡಿಸೋ ಚಿಹ್ನೆ ಹಾಕಬಾರದಾಗಿತ್ತು.”

“ಮತ್ತ ಏನು ಹಾಕಬೇಕ್ರಿ?”

“ಗೊತ್ತಿಲ್ಲ.”

“ಹಂಗಾದ್ರ ವಾಯ್ ಕಿಮ್ಮತ್ತು ಎಷ್ಟ್ರಿ?”

“ಅದೂ ನನಗ ಗೊತ್ತಿಲ್ಲಪ್ಪ.”

“ಗೈಡಿನ್ಯಾಗ ನೋಡ್ರಿ ಸರ್, ಇರ್ತದ!”

ಇಡೀ ತರಗತಿ ನಕ್ಕಿತು. ಇಷ್ಟು ವರ್ಷದಲ್ಲಿ ನನ್ನನ್ನೇ ನೋಡಿ ಹಾಗೆ ನಕ್ಕಿದ್ದು ಅದೇ ಮೊದಲು. ಆ ನಗುವಿನ ನಡುವೆ ನಿಜವಾದ ಕಾರಣ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಎಲ್ಲರೂ ತಟ್ಟನೆ ಸುಮ್ಮನಾಗುತ್ತಿದ್ದರು, ನನ್ನ ಮಾನ ಉಳಿಯುತ್ತಿತ್ತು, ಆದರೆ ಇನ್ನೊಬ್ಬಳ ಮಾನ ಕೊಟ್ಟು. ಹೇಳಲಿಲ್ಲ. ಇದನ್ನು ನನ್ನ ಒಳ್ಳೆಯತನಕ್ಕೆ ಬರೆದುಕೊಳ್ಳಬೇಡಿ. ಬಾಗಿಲ ಮುಂದೆ ಬಂದು ಕೂರುವ ಮುದುಕಿಯ ಹೆದರಿಕೆಯೂ ಅದರಲ್ಲಿತ್ತು. ಹಲಗೆಯನ್ನು ನಾನೇ ಒರೆಸಿದೆ.

ಸುದ್ದಿ ಸಂಜೆಯ ಬಸ್ಸಿನಲ್ಲೇ ತುರೋರಿಗೆ ಹೋಗಿರಬೇಕು. ಗುರುವಾರ ಬೆಳಿಗ್ಗೆ ಹುಡುಗಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ತಾಸು ಮುಗಿದ ಮೇಲೆ ಬಾಗಿಲ ಬಳಿ ಕೇಳಿದೆ.

“ಹೊಲಕ್ಕ?”

“ಆಯಿ ಹೋಗ್ಯಾಳ್ರಿ.”

“ಏನಂದ್ಳು?”

ಅವಳು ಹೇಳಲೋ ಬೇಡವೋ ಎಂದು ನೋಡಿದಳು. “‘ನನ್ನ ಲೆಕ್ಕ ಮಾಸ್ತರಗೂ ಬರಲಿಲ್ಲಂತ’ ಅಂತ ದಾರಿ ಮ್ಯಾಲ ಸಿಕ್ಕೋರಿಗೆಲ್ಲ ಹೇಳ್ಕೋತ ಹೋಗ್ತಾಳ್ರಿ. ಹೊಲ್ದಾಗೂ ಅದೇ ಮಾತು. ಅವ್ವಗ ಹ್ಞೂಂ ಅಂದು ಅಂದು ಸಾಕಾಗ್ಯಾದ.”

ಈಗ ಇದನ್ನು ಬರೆಯುವ ಮುಂಚೆ ತುರೋರಿಗೆ ಹೋಗಿ ಕೇಳಿ ಬಂದಿದ್ದೇನೆ. ತಾಯಿಗೆ ಉದಗೀರದ ಒಬ್ಬ ಡಾಕ್ಟರರ ಗುಳಿಗೆ ಹಿಡಿದಿದೆ. ಹೋದ ವರ್ಷದಿಂದ ಮೂರ್ಛೆ ಬಂದಿಲ್ಲ. ಊರಿಗೂ ಹೇಗೋ ಗೊತ್ತಾಗಿದೆ, ಅವಳ ಕೈಯ ನೀರನ್ನು ಯಾರೂ ಬಿಟ್ಟಿಲ್ಲ. ಆದರೂ ಹೆಸರು ಹಾಕಬೇಡಿರಿ ಎಂದು ತಾಯಿ ಹೇಳಿದಳು. ಆಯಿ, “ನಂದು ಕೇಳಿದ್ರ ಸೊನ್ನಿ ಅಂತ ಬರೀರಿ, ಎಲ್ಲಾರಿಗೂ ಗೊತ್ತಾಗ್ತದ” ಎಂದು ನಕ್ಕಳು. ಚಹಾ ಅವಳೇ ಮಾಡಿಕೊಟ್ಟಳು.

ಆಯಿಗೆ ಹೇಳದ ಒಂದು ಸಂಗತಿ ಇದೆ. ಆ ವರ್ಷ ಬೋರ್ಡಿನ ಪರೀಕ್ಷೆಗೆ ಮುಂಚೆ ಶಾಲೆಯಲ್ಲೇ ನಡೆಸಿದ ಪರೀಕ್ಷೆಯಲ್ಲಿ ಕೆಲಸ ಮತ್ತು ದಿನಗಳ ಲೆಕ್ಕ ಒಂದಿತ್ತು, ನಾಲ್ಕು ಅಂಕದ್ದು. ಪ್ರಶ್ನೆಪತ್ರಿಕೆ ನಾನು ತೆಗೆದದ್ದಲ್ಲ, ಆದರೆ ಉತ್ತರಪತ್ರಿಕೆ ನೋಡಿದವನು ನಾನು. ದೋಘೇ ಮಿಳೂನ ಎಂದೇ ಇತ್ತು. ಹುಡುಗಿ ಉಳಿದ ಎಲ್ಲ ಲೆಕ್ಕಗಳನ್ನು ಬಿಡಿಸಿದ್ದಳು. ಇದರ ಸಂಖ್ಯೆಯನ್ನು ಅಂಚಿನಲ್ಲಿ ಬರೆದು, ಅರ್ಧ ಪುಟ ಖಾಲಿ ಬಿಟ್ಟು, ಮುಂದಿನ ಲೆಕ್ಕಕ್ಕೆ ಹೋಗಿದ್ದಳು. ಬಾರದೆ ಬಿಟ್ಟದ್ದಲ್ಲ. ಅದಕ್ಕಿಂತ ಕಠಿಣವಾದದ್ದು ಕೆಳಗೇ ಸರಿಯಾಗಿತ್ತು.

ಬಿಡಿಸದ ಲೆಕ್ಕಕ್ಕೆ ಕೆಂಪು ಪೆನ್ನಿನಿಂದ ಸೊನ್ನೆ ಹಾಕುವುದು ನಮ್ಮ ಶಾಲೆಯ ಪದ್ಧತಿ. ಪೆನ್ನು ಹಿಡಿದು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದೆ. ಕೊನೆಗೆ ಸೊನ್ನೆ ಹಾಕಲಿಲ್ಲ, ಅಲ್ಲಿ ಒಂದು ಅಡ್ಡಗೆರೆ ಎಳೆದೆ. ಆಮೇಲೆ ಒಟ್ಟು ಅಂಕ ಕೂಡಿಸಿದೆ. ನಾಲ್ಕು ಕಡಿಮೆಯೇ ಬಂತು.